ಮಳೆಗೆ ಮುಂಚೆ ಟ್ರಂಕು ತೆಗೆದಿದ್ದೇನೆ: ಅವ್ವ ಹೆಣೆದ ಸ್ವೆಟರ್‌ಗಳಲ್ಲಿ ಯಾವುದನ್ನು ಕೊಡಲಿ, ಯಾವುದನ್ನು ಇಟ್ಟುಕೊಳ್ಳಲಿ?

ಮೂರ್ನಾಡು ಮನೆ:
ಎಲ್ಲರಿಗೂ ನಮಸ್ಕಾರ. ಮೇ ಮುಗಿಯುತ್ತಾ ಬಂತು. ಜೂನ್‌ನಲ್ಲಿ ಮಳೆ ಹಿಡಿದರೆ ಸೆಪ್ಟೆಂಬರ್‌ವರೆಗೆ ಉಣ್ಣೆ ಬಟ್ಟೆಗೆ ಬಿಸಿಲು ತೋರಿಸುವುದು ಕಷ್ಟ. ಅಷ್ಟರೊಳಗೆ ಒಂದು ಕೆಲಸ ಮುಗಿಸಬೇಕು ಅಂತ ಕೂತಿದ್ದೇನೆ.

ನಮ್ಮ ಮನೆಯಲ್ಲಿ ಒಂದು ಮರದ ಪೆಟ್ಟಿಗೆ, ಎರಡು ಕಬ್ಬಿಣದ ಟ್ರಂಕು ತುಂಬಾ ಅವ್ವ ಹೆಣೆದ ಬಟ್ಟೆಗಳಿವೆ. ಸ್ವೆಟರ್, ತೋಳಿಲ್ಲದ ವೆಸ್ಟ್, ಮಫ್ಲರ್, ಶಾಲು, ಮಕ್ಕಳ ಕುಲಾವಿ, ಕಾಲುಚೀಲ. ಅವ್ವ ನಮ್ಮ ಜೊತೆಗೇ ಇದ್ದಾರೆ. ಕಣ್ಣು ಮಂಜಾದ ಮೇಲೆ ಕಡ್ಡಿ ಕೆಳಗಿಟ್ಟಿದ್ದಾರೆ. ಮೊದಲೆಲ್ಲ ನಮ್ಮ ಕೊಡಗಿನ ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ತೋಟದ ಕೆಲಸ ನಿಂತರೆ ಅವರ ಕೈ ಮಾತ್ರ ನಿಲ್ಲುತ್ತಿರಲಿಲ್ಲ. ಹಾಗಾಗಿ ಇಷ್ಟು ಸೇರಿದೆ. ನಾವು ಮಕ್ಕಳು ದೊಡ್ಡವರಾದೆವು. ಇಬ್ಬರು ಊರು ಬಿಟ್ಟರು. ಈಗ ಇವುಗಳಲ್ಲಿ ನಾಲ್ಕೈದನ್ನು ಬಿಟ್ಟರೆ ಉಳಿದದ್ದನ್ನು ಹಾಕುವವರೇ ಇಲ್ಲ.

ಒಂದು ಕಡುಹಸಿರು ಕಾರ್ಡಿಗನ್ ಇದೆ. ಎಡಗೈ ಮೊಣಕೈಯಲ್ಲಿ ತೂತು ಬಿದ್ದಾಗ ಅವ್ವ ಬೇರೆ ಲಾಟಿನ ಹಸಿರು ನೂಲಿನಿಂದ ರಫೂ ಮಾಡಿದ್ದಾರೆ. ರಾತ್ರಿ ದೀಪದಲ್ಲಿ ಎರಡೂ ಒಂದೇ ಬಣ್ಣ. ಹಗಲಿನಲ್ಲಿ ಅಂಗೈಯಷ್ಟು ಜಾಗ ಎಲೆಹಸಿರಾಗಿ ಎದ್ದು ಕಾಣುತ್ತದೆ. ಅದನ್ನು ಕೊಡುವ ರಾಶಿಗೆ ಹಾಕುತ್ತೇನೆ, ಸ್ವಲ್ಪ ಹೊತ್ತಿಗೆ ಮತ್ತೆ ತೆಗೆಯುತ್ತೇನೆ. ಬೆಳಗಿನಿಂದ ಇದೇ ಆಗುತ್ತಿದೆ.

ನೀವೆಲ್ಲ ಹೇಗೆ ನಿರ್ಧಾರ ಮಾಡುತ್ತೀರಿ? ಅಂಗಡಿಯ ಸ್ವೆಟರ್ ಆಗಿದ್ದರೆ ಯಾವತ್ತೋ ಕೊಟ್ಟಾಗಿರುತ್ತಿತ್ತು. ಕೈಯಲ್ಲಿ ಹೆಣೆದದ್ದು ಅಂದಾಗ ಕೈ ಬರುವುದಿಲ್ಲ.

ಸುಂಟಿಕೊಪ್ಪ ಕಾಫಿಹೂ:
ನಿರ್ಧಾರ ಆಮೇಲೆ ಮಾಡಿ. ಮೊದಲು ಎಲ್ಲವನ್ನೂ ಕಣಕ್ಕೆ ತನ್ನಿ. ರೊಬಸ್ಟಾ ಕಾಫಿ ಒಣಗಿ ಮಿಲ್ಲಿಗೆ ಹೋಗಿ ಈಗ ಕಣ ಖಾಲಿ ಇರುತ್ತದೆ ಅಲ್ವಾ? ಹಳೇ ಬೆಡ್‌ಶೀಟ್ ಹಾಸಿ ಒಂದೊಂದನ್ನೇ ಬಿಡಿಸಿ ಹರಡಿ. ಪೆಟ್ಟಿಗೆಯೊಳಗೆ ಮಡಚಿಟ್ಟ ಬಟ್ಟೆಯನ್ನು ನೋಡಿ ತೀರ್ಮಾನ ಮಾಡಲು ಆಗುವುದಿಲ್ಲ.

ಬೆಳಕಿಗೆ ಹಿಡಿದು ನೋಡಿ. ಸಣ್ಣ ಸಣ್ಣ ತೂತು, ಕಾಲರಿನ ಮಡಿಕೆಯಲ್ಲಿ ರೇಷ್ಮೆ ಎಳೆಯಂಥ ಬಲೆ, ಮರಳಿನ ಕಾಳಿನಂಥ ಹಿಕ್ಕೆ ಕಂಡರೆ ಅದು ನುಸಿಯ ಕೆಲಸ. ಹಾರಾಡುವ ಚಿನ್ನದ ಬಣ್ಣದ ಪುಟ್ಟ ಪತಂಗ ಏನೂ ತಿನ್ನುವುದಿಲ್ಲ. ತಿನ್ನುವುದು ಅದರ ಮರಿಹುಳು. ಅದಕ್ಕೆ ಬೆವರು, ಊಟದ ಕಲೆ ಇರುವ ಉಣ್ಣೆ ಎಂದರೆ ಇನ್ನೂ ಇಷ್ಟ. ಹಾಗಾಗಿ ಕಂಕುಳು, ಕತ್ತಿನ ಪಟ್ಟಿ, ಮುಂಗೈ, ಈ ಮೂರು ಜಾಗ ಬಿಡದೆ ನೋಡಿ.

ಹುಳು ಸಿಕ್ಕಿದ್ದನ್ನು ಯಾರಿಗೂ ಹಾಗೇ ಕೊಡಬೇಡಿ. ಅವರ ಮನೆಯ ಕಂಬಳಿಗೂ ಹತ್ತುತ್ತದೆ. ಪ್ಲಾಸ್ಟಿಕ್ ಕವರಿನಲ್ಲಿ ಗಾಳಿ ತೆಗೆದು ಬಿಗಿಯಾಗಿ ಕಟ್ಟಿ, ಫ್ರೀಜರಿನಲ್ಲಿ ಮೈನಸ್ 18 ಡಿಗ್ರಿಯಲ್ಲಿ ಒಂದು ವಾರ ಇಡಿ. ಹೊರಗೆ ತೆಗೆದ ಕೂಡಲೇ ಕವರ್ ಬಿಚ್ಚಬೇಡಿ. ಕೋಣೆಯ ಬಿಸಿಗೆ ಬಂದ ಮೇಲೆ ಬಿಚ್ಚಿ, ಇಲ್ಲದಿದ್ದರೆ ಬಟ್ಟೆ ಮೇಲೆ ನೀರು ಕೂರುತ್ತದೆ. ಆಮೇಲೆ ಚೆನ್ನಾಗಿ ಕೊಡವಿ, ಒಗೆದು, ಒಣಗಿಸಿ.

ವಿರಾಜಪೇಟೆ ಹುಡುಗಿ, ಬೆಂಗಳೂರಿನಲ್ಲಿ:
ನಾನು ಒಂದೇ ಒಂದು ಇಟ್ಟುಕೊಂಡೆ. ಎರಡು ರೂಮಿನ ಮನೆ. ಇಲ್ಲಿ ಡಿಸೆಂಬರಿನಲ್ಲೂ ದಪ್ಪ ಉಣ್ಣೆ ಹಾಕಿದರೆ ಮಧ್ಯಾಹ್ನಕ್ಕೆ ಬೆವರುತ್ತದೆ. ಉಳಿದದ್ದು ಊರಿನಲ್ಲೇ ಹಂಚಿದೆವು. ಊರಿನ ಚಳಿಗೆ ಹೆಣೆದದ್ದು ಊರಿನಲ್ಲೇ ಯಾರಾದರೂ ಹಾಕಿಕೊಳ್ಳಲಿ ಅನ್ನಿಸಿತು.

ಪೊನ್ನಂಪೇಟೆ ಟೀಚರ್:
ಎಲ್ಲವೂ ಉಣ್ಣೆಯೇ ಅಂತ ಗೊತ್ತಾ? ಕೈ ಹೆಣಿಗೆಗೆ ನಮ್ಮ ಕಡೆ ಅಂಗಡಿಗಳಲ್ಲಿ ಸಿಗುತ್ತಿದ್ದ ನೂಲಿನಲ್ಲಿ ಅಕ್ರಿಲಿಕ್ ಅನ್ನುವ ಕೃತಕ ನೂಲು ತುಂಬಾ ಇರುತ್ತಿತ್ತು. ನಾವು ಎಲ್ಲವನ್ನೂ ಸುಮ್ನೆ ಉಲ್ಲನ್ ಅನ್ನುತ್ತೇವೆ. ಒಳಗಿನ ಹೊಲಿಗೆಯಿಂದ ಒಂದು ಇಂಚು ನೂಲು ಕತ್ತರಿಸಿ, ಚಿಮಟದಲ್ಲಿ ಹಿಡಿದು, ಬಚ್ಚಲಿನ ಸಿಮೆಂಟ್ ನೆಲದ ಮೇಲೆ ಸುಟ್ಟು ನೋಡಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ, ಬೆರಳಲ್ಲಿ ಒತ್ತಿದರೆ ಪುಡಿಯಾಗುವ ಬೂದಿ. ಅಕ್ರಿಲಿಕ್ ಆದರೆ ಕರಗಿ ಗಟ್ಟಿ ಕಪ್ಪು ಮಣಿ ಆಗುತ್ತದೆ.

ಇದು ಯಾಕೆ ಮುಖ್ಯ ಅಂದರೆ ಯಾರಿಗೆ ಏನು ಕೊಡಬೇಕು ಅನ್ನುವುದು ಇದರ ಮೇಲೇ ನಿಂತಿದೆ. ಅಕ್ರಿಲಿಕ್‌ಗೆ ನುಸಿ ಅಷ್ಟಾಗಿ ಬರುವುದಿಲ್ಲ. ಬೇಗ ಒಣಗುತ್ತದೆ. ತಿಕ್ಕಿ ತೊಳೆದರೂ ಉಣ್ಣೆಯ ಹಾಗೆ ಕುಗ್ಗುವುದಿಲ್ಲ. ದಿನಾ ಹಾಕುವವರಿಗೆ ಅದೇ ಒಳ್ಳೆಯದು. ಆದರೆ ಬೆಂಕಿ ಹತ್ತಿರ ಅದು ಬಹಳ ಅಪಾಯ. ಹತ್ತಿಕೊಂಡರೆ ಕರಗಿ ಚರ್ಮಕ್ಕೆ ಅಂಟುತ್ತದೆ. ಉಣ್ಣೆ ಸುಲಭಕ್ಕೆ ಹೊತ್ತುವುದಿಲ್ಲ, ಬೆಂಕಿ ದೂರವಾದರೆ ತಾನೇ ಆರುತ್ತದೆ. ನಮ್ಮಲ್ಲಿ ಬಾಣಂತಿ ಕೋಣೆಯಲ್ಲಿ ಈಗಲೂ ಕೆಂಡ ಇಡುವವರಿದ್ದಾರೆ. ಒಲೆ ಮುಂದೆ ಕೂತು ಮೈ ಕಾಯಿಸುವ ಅಜ್ಜಂದಿರಿದ್ದಾರೆ. ಅಲ್ಲಿಗೆ ಅಕ್ರಿಲಿಕ್ ಶಾಲು ಕೊಡಬೇಡಿ. ಎಷ್ಟೇ ಚೆಂದ ಇರಲಿ.

ಮಗುವಿನ ಬಟ್ಟೆಗೆ ಇನ್ನೊಂದು ಮಾತು. ಟ್ರಂಕಿನಲ್ಲಿ ನುಸಿಗುಳಿಗೆ ಇತ್ತಾ? ನ್ಯಾಫ್ತಲೀನ್ ವಾಸನೆ ಹಿಡಿದ ಕುಲಾವಿ, ಸ್ವೆಟರ್ ಹಸುಗೂಸಿಗೆ ಹಾಕಲೇಬಾರದು. ಜಿ-ಸಿಕ್ಸ್-ಪಿಡಿ (ರಕ್ತಕಣವನ್ನು ಕಾಪಾಡುವ ಒಂದು ಕಿಣ್ವ) ಕೊರತೆ ಇರುವ ಮಕ್ಕಳಿಗೆ ಅದರಿಂದ ರಕ್ತಕಣ ಒಡೆದು ಕಾಮಾಲೆ ಬರಬಹುದು. ಮಗುವಿಗೆ ಆ ಕೊರತೆ ಇದೆಯೋ ಇಲ್ಲವೋ ಮುಖ ನೋಡಿ ಗೊತ್ತಾಗುವುದಿಲ್ಲ.

ಮೂರ್ನಾಡು ಮನೆ:
ಗುಳಿಗೆ ಇತ್ತು ಟೀಚರ್. ಮಕ್ಕಳ ಬಟ್ಟೆ ಎಲ್ಲ ಬೇರೆ ಮಾಡಿದೆ. ಇದು ಯಾರ ಮನಸ್ಸಿಗೂ ಬರದ ವಿಷಯ, ಹೇಳಿದ್ದಕ್ಕೆ ತುಂಬಾ ಥ್ಯಾಂಕ್ಸ್.

ಸುಟ್ಟು ನೋಡಿದೆ. ಹಸಿರು ಕಾರ್ಡಿಗನ್ ಅಪ್ಪಟ ಉಣ್ಣೆ. ನಾವು ಬಂಗಾರದ ಹಾಗೆ ಕಾಪಾಡಿದ್ದ ಕೆಂಪು ಶಾಲು ಪೂರ್ತಿ ಅಕ್ರಿಲಿಕ್.

ಸೋಮವಾರಪೇಟೆ ಕೃಷಿಕ:
ನಮ್ಮ ತೋಟದ ಕೆಲಸಗಾರರ ಲೈನ್ ಮನೆಗಳಿಗೆ ವರ್ಷಾ ವರ್ಷಾ ಬೆಚ್ಚಗಿನ ಬಟ್ಟೆ ಕೊಡುತ್ತೇವೆ. ನೋಡಿ ಕಲಿತದ್ದನ್ನು ಹೇಳುತ್ತೇನೆ. ಅರೇಬಿಕಾ ಕೊಯ್ಲು ನವೆಂಬರ್, ಡಿಸೆಂಬರಿನ ಚಳಿಯಲ್ಲಿ ಬರುತ್ತದೆ. ಬೆಳಿಗ್ಗೆ ಎಲೆ ಮೇಲೆಲ್ಲ ಇಬ್ಬನಿ. ಗಿಡಕ್ಕೆ ಕೈ ಹಾಕಿದರೆ ತೋಳು ಮೊಣಕೈವರೆಗೆ ಒದ್ದೆ. ಅವರಿಗೆ ಬೇಕಾದದ್ದು ತೋಳಿಲ್ಲದ ವೆಸ್ಟ್. ಉದ್ದ ತೋಳಿನ, ದೊಡ್ಡ ಜಾಲರಿ ಡಿಸೈನಿನ ಸ್ವೆಟರ್ ಕಾಫಿ ರೆಂಬೆಗೆ ಸಿಕ್ಕಿ ಎಳೆ ಎದ್ದು ಬರುತ್ತದೆ. ಅಂಥದ್ದು ಸಂಜೆ ಮನೆಯಲ್ಲಿ ಹಾಕಿಕೊಳ್ಳಲು ಆದೀತು, ಕೆಲಸಕ್ಕೆ ಆಗದು. ಹೆಣೆದ ಕಾಲುಚೀಲವೂ ಮಳೆಗಾಲದಲ್ಲಿ ತೋಟಕ್ಕೆ ಬೇಡ. ಜಿಗಣೆ ಸಂದಿನಲ್ಲೇ ನುಗ್ಗುತ್ತದೆ.

ಕೇಳಿ ಕೊಡಿ. ನಮ್ಮಲ್ಲಿ ಈಗ ಅಸ್ಸಾಮಿನಿಂದ ಬಂದವರೂ ಇದ್ದಾರೆ. ಅವರಲ್ಲಿ ಒಬ್ಬ ಹೆಂಗಸು ಸ್ವೆಟರ್ ಬೇಡ, ಮಕ್ಕಳಿಗೆ ಟೊಪ್ಪಿ ಇದ್ದರೆ ಕೊಡಿ ಅಂದರು. ಮೂಟೆ ಕಟ್ಟಿ ಬಾಗಿಲಲ್ಲಿ ಇಟ್ಟು ಬಂದಿದ್ದರೆ ಅದು ಗೊತ್ತೇ ಆಗುತ್ತಿರಲಿಲ್ಲ.

ಮಕ್ಕಂದೂರು ಕಡೆಯವನು:
ಇದಕ್ಕೆ ನನ್ನದೂ ಒಂದು ಮಾತು ಸೇರಿಸಿ. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದಾಗ ನಾನು ಪರಿಹಾರ ಕೇಂದ್ರದಲ್ಲಿ ಬಟ್ಟೆ ವಿಂಗಡಿಸುವ ಕೆಲಸದಲ್ಲಿದ್ದೆ. ರಾಜ್ಯದ ಎಲ್ಲ ಕಡೆಯಿಂದ ಜನ ಕಳಿಸಿದರು. ಆ ಪ್ರೀತಿಯನ್ನು ಮರೆಯುವುದಿಲ್ಲ. ಆದರೆ ಗುಂಡಿ ಕಿತ್ತ ಕಾರ್ಡಿಗನ್, ಒಂಟಿ ಕಾಲುಚೀಲ, ಮುಗ್ಗುಲು ವಾಸನೆಯ ಮಫ್ಲರ್ ಕೂಡ ಮೂಟೆಗಳಲ್ಲಿ ಬಂದವು. ಮನೆಯೇ ಹೋದವರ ಕೈಗೆ ಅದನ್ನು ಹೇಗೆ ಕೊಡುವುದು? ಅಷ್ಟು ಬಟ್ಟೆ ಒಗೆದು ಒಣಗಿಸಲು ಆ ಮಳೆಯಲ್ಲಿ ಜಾಗ ಎಲ್ಲಿ? ಅದನ್ನೆಲ್ಲ ಬೇರೆ ಮಾಡುವುದರಲ್ಲೇ ದಿನಗಳು ಹೋದವು.

ಅದೇ ಕೇಂದ್ರದಲ್ಲಿ ಒಬ್ಬ ಅಜ್ಜನಿಗೆ ಕೈಯಲ್ಲಿ ಹೆಣೆದ ಬೂದು ಬಣ್ಣದ ವೆಸ್ಟ್ ಸಿಕ್ಕಿತು. ತೊಳೆದು, ಇಸ್ತ್ರಿ ಮಡಿಕೆಯಲ್ಲಿ, ಬಿಡಿ ಗುಂಡಿ ಎರಡನ್ನು ಒಳಗಡೆ ಹೊಲಿದು ಕಳಿಸಿದ್ದರು ಯಾರೋ. ಅಜ್ಜ ಅಲ್ಲೇ ಹಾಕಿಕೊಂಡರು. ಕೊಡುವುದಾದರೆ ಹಾಗೆ ಕೊಡಿ. ನೀವು ನಾಳೆ ಬೆಳಿಗ್ಗೆ ಹಾಕಿಕೊಂಡು ಮಡಿಕೇರಿ ಪೇಟೆಗೆ ಹೋಗಬಹುದಾದದ್ದನ್ನು ಮಾತ್ರ ಕೊಡುವ ರಾಶಿಗೆ ಹಾಕಿ. ಆಗದ್ದನ್ನು ಇನ್ನೊಬ್ಬರ ಹೆಗಲಿಗೆ ಹಾಕುವುದು ದಾನ ಅಲ್ಲ.

ವಿರಾಜಪೇಟೆ ಹುಡುಗಿ, ಬೆಂಗಳೂರಿನಲ್ಲಿ:
ಬಿಡಿ ಗುಂಡಿ ಒಳಗೆ ಹೊಲಿಯುವುದು... ಇದನ್ನು ನಾನೂ ಮಾಡುತ್ತೇನೆ ಇನ್ನು.

ಭಾಗಮಂಡಲ ಅಜ್ಜಿ (ಮೊಮ್ಮಗಳು ಟೈಪ್ ಮಾಡುತ್ತಿದ್ದಾಳೆ):
ಮಗಳೇ, ಬಟ್ಟೆ ಕೊಡುವುದು, ಇಡುವುದು ಎರಡೇ ದಾರಿ ಅಂತ ಎಲ್ಲರೂ ಹೇಳುತ್ತಿದ್ದೀರಿ. ಬಿಚ್ಚುವುದು ಮರೆತುಹೋಯಿತಾ? ನಮ್ಮ ಕಾಲದಲ್ಲಿ ಮಗ ಬೆಳೆದ ಮೇಲೆ ಅವನ ಸ್ವೆಟರ್ ಬಿಚ್ಚಿ ತಂಗಿಗೆ ಹೆಣೆಯುತ್ತಿದ್ದೆವು. ನೂಲು ಸಾಲದಿದ್ದರೆ ನಡುವೆ ಬೇರೆ ಬಣ್ಣದ ಪಟ್ಟೆ. ಆಗಿನ ಪಟ್ಟೆ ಸ್ವೆಟರ್ ಎಷ್ಟೋ ಹೀಗೇ ಹುಟ್ಟಿದ್ದು.

ದೊಡ್ಡವರ ಪೂರ್ತಿ ತೋಳಿನ ಸ್ವೆಟರಿನಲ್ಲಿ 400ರಿಂದ 500 ಗ್ರಾಂ ನೂಲು ಇರುತ್ತದೆ. ಉಣ್ಣೆಯಾದರೆ ಅದು ಸಣ್ಣ ಆಸ್ತಿ. ಬಿಚ್ಚುವ ಮೊದಲು ಪಕ್ಕದ ಹೊಲಿಗೆ ನೋಡು. ಮನೆಯಲ್ಲಿ ಹೆಣೆದದ್ದು ಬೆನ್ನು, ಎದೆ, ತೋಳು ಬೇರೆ ಬೇರೆ ಹೆಣೆದು ಜೋಡಿಸಿದ್ದಿರುತ್ತದೆ. ಜೋಡಿಸಿದ ದಾರ ಮಾತ್ರ ಕತ್ತರಿಸು, ಬಟ್ಟೆಗೆ ಕತ್ತರಿ ತಾಗಬಾರದು. ಆಮೇಲೆ ಹೆಣಿಗೆ ಮುಗಿಸಿದ ತುದಿ ಹುಡುಕು. ಸಾಮಾನ್ಯವಾಗಿ ಕತ್ತು, ಭುಜದ ಕಡೆ ಇರುತ್ತದೆ. ಅಲ್ಲಿಂದ ಎಳೆದರೆ ಸರಸರ ಬರುತ್ತದೆ. ಶುರು ಮಾಡಿದ ತುದಿಯಿಂದ ಎಳೆದರೆ ಗಂಟು, ಸಿಕ್ಕು, ಬರೀ ಕಣ್ಣೀರು. ಅಂಗಡಿಯ ಸ್ವೆಟರಿನಲ್ಲಿ ಕತ್ತರಿಸಿ ಅಂಚಿಗೆ ಮೆಷಿನ್ ಹೊಲಿಗೆ (ಓವರ್‌ಲಾಕ್) ಹಾಕಿದ್ದರೆ ಬಿಚ್ಚಬೇಡ, ಸಾಲು ಸಾಲಿಗೂ ನೂಲು ತುಂಡಾಗಿ ಬರುತ್ತದೆ.

ಬಿಚ್ಚಿದ ನೂಲನ್ನು ಕುರ್ಚಿಯ ಬೆನ್ನಿಗೆ ಸುತ್ತಿ ಲಡಿ ಮಾಡು. ನಾಲ್ಕು ಕಡೆ ಹತ್ತಿ ದಾರದಲ್ಲಿ ಸಡಿಲವಾಗಿ ಕಟ್ಟು. ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ, ಹಿಂಡದೆ ಒತ್ತಿ, ನೆರಳಿನಲ್ಲಿ ನೇತುಹಾಕು. ಕೆಳಗೆ ಒಂದು ಹಗುರ ಭಾರ ಕಟ್ಟಿದರೆ ಗುಂಗುರು ಹೋಗಿ ನೂಲು ನೆಟ್ಟಗಾಗುತ್ತದೆ. ಪೂರ್ತಿ ಒಣಗಿದ ಮೇಲೆ ಉಂಡೆ ಮಾಡು. ಬಿಗಿಯಾಗಿ ಸುತ್ತಬೇಡ, ನೂಲಿನ ಜೀವ ಹೋಗುತ್ತದೆ.

ಬಿಸಿನೀರಿಗೆ ಹಾಕಿ ತಿಕ್ಕಿ ಗಟ್ಟಿ ಕಂಬಳಿಯಾಗಿ ಹೋದದ್ದನ್ನು ಬಿಚ್ಚಲು ಆಗುವುದಿಲ್ಲ. ಎಳೆಗಳು ಒಂದಕ್ಕೊಂದು ಕಚ್ಚಿಕೊಂಡಿರುತ್ತವೆ. ಅದನ್ನು ಧೈರ್ಯವಾಗಿ ಕತ್ತರಿಸಿ ಗಮ್‌ಬೂಟಿನೊಳಗೆ ಹಾಕುವ ಅಟ್ಟೆ ಮಾಡು. ಕತ್ತರಿಸಿದ ಅಂಚು ಬಿಚ್ಚಿಕೊಳ್ಳುವುದಿಲ್ಲ. ಉಣ್ಣೆ ತನ್ನ ತೂಕದ ಮೂರರಲ್ಲಿ ಒಂದು ಪಾಲಿನಷ್ಟು ತೇವ ಹೀರಿದರೂ ಒದ್ದೆ ಅನ್ನಿಸುವುದಿಲ್ಲ. ಮಳೆಗಾಲದಲ್ಲಿ ಕಾಲಿಗೆ ಅದರಷ್ಟು ಸುಖ ಬೇರೆ ಇಲ್ಲ.

ಗಾಳಿಬೀಡು:
ಅಜ್ಜಿಗೆ ನಮಸ್ಕಾರ. ಗಮ್‌ಬೂಟಿನ ಅಟ್ಟೆ ಇವತ್ತೇ ಮಾಡುತ್ತೇನೆ.

ನಾಪೋಕ್ಲು, ನಿವೃತ್ತ ಸೈನಿಕ:
ನಾನು ಲೇಹ್‌ನಲ್ಲಿ ಇದ್ದಾಗ ಹೆಂಡತಿ ಹೆಣೆದು ಕಳಿಸಿದ ಸ್ವೆಟರ್ ನನ್ನ ಹತ್ತಿರ ಇದೆ. ಸರ್ಕಾರದ ಜರ್ಸಿ ಕೆಳಗೆ ಅದನ್ನು ಹಾಕಿಕೊಳ್ಳುತ್ತಿದ್ದೆ. ಅದನ್ನು ಕೊಡು ಅಂತ ಯಾರೂ ನನಗೆ ಹೇಳಬೇಡಿ. ಈಗ ಹೊಟ್ಟೆಗೆ ಆಗುವುದಿಲ್ಲ, ಹಾಕುವುದೂ ಇಲ್ಲ. ಆದರೂ ಇರುತ್ತದೆ.

ಹಾಗಂತ ಎಲ್ಲವನ್ನೂ ಇಡಿ ಅನ್ನುವುದಿಲ್ಲ. ಮಡಿಕೇರಿಯಲ್ಲಿ ಜನರಲ್ ತಿಮ್ಮಯ್ಯನವರ ಸನ್ನಿಸೈಡ್ ಮನೆ 2021ರಲ್ಲಿ ಮ್ಯೂಸಿಯಂ ಆಯಿತು. ಹೋಗಿ ನೋಡಿದರೆ ಪ್ರತಿ ವಸ್ತುವಿನ ಪಕ್ಕ ಅದು ಏನು ಅಂತ ಬರೆದಿದೆ. ಬರೆದದ್ದರಿಂದಲೇ ಅದಕ್ಕೆ ಬೆಲೆ. ನಮ್ಮ ಟ್ರಂಕಿನಲ್ಲಿ ಇರುವುದನ್ನು ಯಾರು ಹೆಣೆದರು, ಯಾರಿಗೆ, ಯಾವ ವರ್ಷ ಅಂತ ನಮ್ಮ ಮಕ್ಕಳಿಗೆ ಗೊತ್ತಾ? ಇಡುವುದಾದರೆ ಹತ್ತಿ ಬಟ್ಟೆಯ ತುಂಡಿನ ಮೇಲೆ ಬರೆದು ಒಳಗೆ ಹೊಲಿಯಿರಿ. ಬರೆಯಲು ಏನೂ ನೆನಪಾಗದ ಬಟ್ಟೆ ಇದ್ದರೆ, ಅದನ್ನು ಕೊಡಬಹುದು.

ಕುಶಾಲನಗರ ಕಡ್ಡಿ-ನೂಲು:
ನಾನು ಹೆಣೆಯುವವಳು. ಆ ಕಡೆಯಿಂದ ಹೇಳುತ್ತೇನೆ. ನನ್ನ ಸ್ವೆಟರ್ ಯಾರ ಮನೆಯ ಬೀರುವಿನಲ್ಲೋ ಸುಮ್ನೆ ಮುಗ್ಗುತ್ತಿದೆ ಅಂತ ಗೊತ್ತಾದರೆ ನನಗೆ ತುಂಬಾ ಸಂಕಟ ಆಗುತ್ತದೆ. ಕೊಟ್ಟುಬಿಟ್ಟರು ಅಂದರೆ ಅಷ್ಟಿಲ್ಲ. ಹೆಣೆಯುವಾಗ ನಾವು ಒಂದು ಮೈಯನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ ಹೆಣೆಯುತ್ತೇವೆ. ಆ ಮೈ ಬೆಳೆಯಿತು ಅಂದರೆ ಇನ್ನೊಂದು ಮೈಗೆ ಹೋಗಲಿ. ಬೈಲುಕುಪ್ಪೆಯ ಟಿಬೆಟನ್ನರ ಕಡೆ ನೋಡಿ, ಮೆಷಿನ್ ಸ್ವೆಟರ್ ಮಾರುವ ಹೆಂಗಸರೂ ತಮ್ಮ ಮಕ್ಕಳಿಗೆ ಕೈಯಲ್ಲೇ ಹೆಣೆಯುವುದನ್ನು ನಾನು ಕಂಡಿದ್ದೇನೆ. ಮಗು ಬೆಳೆದ ಕೂಡಲೇ ಪಕ್ಕದ ಮನೆಯ ಮಗುವಿನ ಮೇಲೆ ಅದೇ ಸ್ವೆಟರ್ ಕಾಣುತ್ತದೆ.

ಮೂರ್ನಾಡು ಅಕ್ಕ, ಒಂದು ವಿಷಯ ಯಾರೂ ಕೇಳಲಿಲ್ಲ. ನಿಮ್ಮ ಅವ್ವ ಮನೆಯಲ್ಲೇ ಇದ್ದಾರೆ ಅಂದಿರಿ. ಅವರನ್ನು ಕೇಳಿದಿರಾ?

ಮೂರ್ನಾಡು ಮನೆ:
ಕೇಳಿರಲಿಲ್ಲ. ಅವರಿಗೆ ಬೇಜಾರಾಗುತ್ತದೆ ಅಂತ ಅವರು ಮಲಗಿದ್ದಾಗ ಟ್ರಂಕು ತೆಗೆಯುತ್ತಿದ್ದೆ. ಇವತ್ತು ನಿಮ್ಮ ಮಾತು ಓದಿ ಅವರನ್ನು ಜಗಲಿಯಲ್ಲಿ ಕೂರಿಸಿ ಒಂದೊಂದೇ ಕೈಗೆ ಕೊಟ್ಟೆ.

ಅವರು ಮುಟ್ಟಿ ನೋಡಿದ ರೀತಿಯೇ ಬೇರೆ. ನಾನು ಬಣ್ಣ ನೋಡುತ್ತೇನೆ, ಯಾರು ಹಾಕಿದ್ದು ಅಂತ ನೆನೆಯುತ್ತೇನೆ. ಅವರು ಮೊದಲು ಒಳಗಡೆ ತಿರುಗಿಸಿದರು. ಪಕ್ಕದ ಹೊಲಿಗೆಯ ಮೇಲೆ ಹೆಬ್ಬೆರಳು ಎಳೆದರು. ಆಮೇಲೆ ಕತ್ತಿನ ರಿಬ್ಬು ಅಗಲಿಸಿ ಬಿಟ್ಟರು, ವಾಪಸ್ ಕೂರುತ್ತದಾ ಅಂತ. ನಾನು ತುಂಬಾ ಆಸೆಯಿಂದ ಇಟ್ಟಿದ್ದ ಜಡೆಯಂಥ ಕೇಬಲ್ ಡಿಸೈನಿನ ಬಿಳಿ ಸ್ವೆಟರ್ ಹಿಡಿದು, "ಇದು ಬೇಡ, ಎರಡನೇ ಜಡೆ ತಪ್ಪು ಕಡೆಗೆ ತಿರುಗಿದೆ, ಬಿಚ್ಚು" ಅಂದರು. ನಮ್ಮ ಯಾರ ಕಣ್ಣಿಗೂ ಇಷ್ಟು ವರ್ಷ ಅದು ಬಿದ್ದಿರಲಿಲ್ಲ. ಅಣ್ಣನ ಸ್ಕೂಲಿನ ನೇವಿ ಬ್ಲೂ ವೆಸ್ಟ್ ಮಾತ್ರ ಬಿಡಲಿಲ್ಲ. ವಿ ಆಕಾರದ ಕತ್ತು ಅಷ್ಟು ನೇರ ಬಂದದ್ದು ಅದೊಂದರಲ್ಲೇ ಅಂತೆ. ಮಡಿಲಲ್ಲೇ ಇಟ್ಟುಕೊಂಡರು.

ಕೆಂಪು ಶಾಲು ಅಕ್ರಿಲಿಕ್ ಅಂತ ಹೇಳಿದೆ. ಅವರಿಗೆ ಮೊದಲೇ ಗೊತ್ತಿತ್ತು. ಆ ವರ್ಷ ಕಾಫಿಗೆ ರೇಟ್ ಇರಲಿಲ್ಲ, ಅಗ್ಗದ ನೂಲು ತಂದೆ ಅಂದರು. ಅದನ್ನು ಮನೆ ಕೆಲಸಕ್ಕೆ ಬರುವ ಅಕ್ಕನಿಗೆ ಅವರೇ ಕೊಟ್ಟರು. ಒಲೆ ಹತ್ತಿರ ಹಾಕಬೇಡ ಅಂತ ಅವರೇ ಹೇಳಿದರು.

ಹಸಿರು ಕಾರ್ಡಿಗನ್ ಅವರ ಕೈಗೆ ಕೊಟ್ಟಾಗ ರಫೂ ಮಾಡಿದ ಜಾಗ ಬೆರಳಿಗೆ ಸಿಕ್ಕಿತು. "ಇದು ಇನ್ನೂ ಹತ್ತು ವರ್ಷ ಬರುತ್ತದೆ, ನೀನು ಹಾಕಿಕೋ" ಅಂದರು. ನಾನು ಅದನ್ನು ನೆನಪಿಗೆ ಅಂತ ಇಡುವ ಯೋಚನೆಯಲ್ಲಿದ್ದೆ. ಹಾಕಿಕೊಳ್ಳುವ ಯೋಚನೆ ಬಂದೇ ಇರಲಿಲ್ಲ. ತೋಳು ಸ್ವಲ್ಪ ಉದ್ದ, ಮಡಚಿದರೆ ಸರಿಯಾಗಿದೆ.

ಕುಶಾಲನಗರ ಕಡ್ಡಿ-ನೂಲು:
ಹೆಣೆದವರು ಹೀಗೇ ನೋಡುವುದು. ಒಳಗಡೆಯೇ ಮೊದಲು.

ಸುಂಟಿಕೊಪ್ಪ ಕಾಫಿಹೂ:
ಓದಿ ಖುಷಿಯಾಯಿತು. ಇಡುವುದನ್ನೆಲ್ಲ ಈಗಲೇ ಒಗೆದುಬಿಡಿ. ಬಿಸಿಲಿದೆ. ಉಣ್ಣೆಯನ್ನು ಹಗ್ಗಕ್ಕೆ ನೇತುಹಾಕಬೇಡಿ, ಒದ್ದೆಯ ಭಾರಕ್ಕೆ ಜಗ್ಗಿ ಮೊಣಕಾಲಿಗೆ ಬರುತ್ತದೆ. ಟವೆಲಿನಲ್ಲಿ ಸುರುಳಿ ಸುತ್ತಿ ನೀರು ತೆಗೆದು, ಮೊರದ ಮೇಲೋ ಚಾಪೆ ಮೇಲೋ ಚಪ್ಪಟೆಯಾಗಿ ಹರಡಿ. ಮಳೆಗಾಲಕ್ಕೆ ಟ್ರಂಕಿನಲ್ಲಿ ಬೇಡ. ಕಬ್ಬಿಣ ಬೆವರುತ್ತದೆ, ತುಕ್ಕಿನ ಕಲೆ ಹತ್ತಿದರೆ ಹೋಗುವುದು ಕಷ್ಟ. ಹಳೇ ಹತ್ತಿ ದಿಂಬಿನ ಚೀಲದಲ್ಲಿ ಹಾಕಿ, ಅಡುಗೆಮನೆ ಹೊಗೆ ತಾಗದ, ಆದರೆ ಬೆಚ್ಚಗಿರುವ ಗೋಡೆ ಕಡೆ ಬೀರುವಿನಲ್ಲಿ ಇಡಿ. ಮಳೆ ನಿಂತು ಬಿಸಿಲು ಕಂಡ ದಿನ ತೆಗೆದು ಕೊಡವಿ. ಹುಳುವಿಗೆ ಕತ್ತಲೆ, ಅಲುಗಾಡದ ಜಾಗ ಬೇಕು. ಎತ್ತಿ ಕೊಡವುವ ಮನೆಯಲ್ಲಿ ಅದಕ್ಕೆ ನೆಲೆ ಇಲ್ಲ.

ಪೊನ್ನಂಪೇಟೆ ಟೀಚರ್:
ಬಿಚ್ಚುವ ಬಿಳಿ ಸ್ವೆಟರಿನ ನೂಲು ಏನು ಮಾಡುತ್ತೀರಿ? ನಮ್ಮ ಶಾಲೆಯಲ್ಲಿ ಏಳನೇ ತರಗತಿ ಹೆಣ್ಣುಮಕ್ಕಳು, ಇಬ್ಬರು ಹುಡುಗರು ಹೆಣಿಗೆ ಕಲಿಯಬೇಕು ಅನ್ನುತ್ತಿದ್ದಾರೆ. ಹೊಸ ಉಣ್ಣೆ ತರಲು ಜಾಸ್ತಿ ದುಡ್ಡಾಗುತ್ತದೆ. ಬಿಳಿ ನೂಲು ಆದರೆ ಹೊಲಿಗೆ ಕಣ್ಣಿಗೆ ಚೆನ್ನಾಗಿ ಕಾಣುತ್ತದೆ, ಕಲಿಯುವವರಿಗೆ ಒಳ್ಳೆಯದು.

ಮೂರ್ನಾಡು ಮನೆ:
ಖಂಡಿತ ಕೊಡುತ್ತೇನೆ ಟೀಚರ್. ಬಿಚ್ಚುವ ಕೆಲಸ ಅವ್ವನೇ ಶುರು ಮಾಡಿದ್ದಾರೆ. ಅದಕ್ಕೆ ಕಣ್ಣು ಬೇಡ, ಕೈ ಸಾಕು ಅನ್ನುತ್ತಾರೆ. ಶುಕ್ರವಾರ ಮಡಿಕೇರಿ ಸಂತೆಗೆ ಬರುತ್ತೇನೆ, ಅಲ್ಲಿ ಸಿಗಬಹುದಾ? ನೂಲು ಫೋರ್ ಪ್ಲೈ (ನಾಲ್ಕು ಎಳೆಯದು). ಕಡ್ಡಿ ಮಕ್ಕಳ ಹತ್ತಿರ ಇದೆಯಾ?

ಪೊನ್ನಂಪೇಟೆ ಟೀಚರ್:
ಶುಕ್ರವಾರ ಆಗುತ್ತದೆ. ಕಡ್ಡಿ ಇಲ್ಲ, ತರಿಸಬೇಕು.

ಭಾಗಮಂಡಲ ಅಜ್ಜಿ (ಮೊಮ್ಮಗಳು ಟೈಪ್ ಮಾಡುತ್ತಿದ್ದಾಳೆ):
ಫೋರ್ ಪ್ಲೈಗೆ 10 ನಂಬರ್ ಸರಿ, ಆದರೆ ಕಲಿಯುವ ಕೈಗೆ 8 ನಂಬರ್ ಕಡ್ಡಿ ಕೊಡಿ, ನಂಬರ್ ಕಡಿಮೆಯಾದಷ್ಟೂ ಕಡ್ಡಿ ದಪ್ಪ. ಮಕ್ಕಳು ಬಿಗಿಯಾಗಿ ಹೆಣೆಯುತ್ತಾರೆ, ದಪ್ಪ ಕಡ್ಡಿಯಾದರೆ ಹೊಲಿಗೆ ಸಲೀಸಾಗಿ ಸರಿಯುತ್ತದೆ. ನನ್ನ ಹತ್ತಿರ ಮೂರು ಜೊತೆ ಇದೆ. ಮೊಮ್ಮಗಳು ತಂದುಕೊಡುತ್ತಾಳೆ.